ಚಿಂತೆ ಬಿಡಿಸೋಕೆ ಸದ್ದು ಕೇಳಿಸಿದರು: ಗಮನದ ತರಬೇತಿ ಪಡೆದ ನನ್ನ ಅನುಭವ

ವಿಪರೀತ ಚಿಂತೆಗೆ ತಗೊಳ್ಳುತ್ತಿದ್ದ ನನ್ನ ಥೆರಪಿ, ಅಂದರೆ ಸೈಕಾಲಜಿಸ್ಟ್ ಜೊತೆ ಕೂತು ಪಡೆಯುವ ಚಿಕಿತ್ಸೆ, ಹೋದ ವಾರ ಮುಗಿಯಿತು. ಶುರು ಮಾಡುವ ಮುಂಚೆ ಇದರ ಬಗ್ಗೆ ಕನ್ನಡದಲ್ಲಿ ಯಾರಾದರೂ ಬರೆದಿದ್ದಾರಾ ಅಂತ ತುಂಬಾ ಹುಡುಕಿದ್ದೆ. ಸಿಕ್ಕಿದ್ದೆಲ್ಲ "ಧ್ಯಾನ ಮಾಡಿ, ಒಳ್ಳೆಯದನ್ನೇ ಯೋಚಿಸಿ" ಅನ್ನುವಂಥ ಸಲಹೆಗಳು. ಹಾಗಾಗಿ ನಾನೇ ಬರೆಯುತ್ತಿದ್ದೇನೆ. ನಾನು ಡಾಕ್ಟರೂ ಅಲ್ಲ, ಸೈಕಾಲಜಿ ಓದಿದವಳೂ ಅಲ್ಲ. ಹಾಸನದ ಒಂದು ಖಾಸಗಿ ಕಾಲೇಜಿನಲ್ಲಿ ಲೆಕ್ಕಪತ್ರ ನೋಡಿಕೊಳ್ಳುತ್ತೇನೆ.

ನನ್ನ ಚಿಂತೆಗೆ ಇಂಥದ್ದೇ ವಿಷಯ ಅಂತ ಬೇಕಿರಲಿಲ್ಲ. ನಮ್ಮವರು ವ್ಯಾಪಾರಕ್ಕೆ ಮಂಗಳೂರಿಗೆ ಹೋದರೆ ಶಿರಾಡಿ ಘಾಟಿ. ಮಗಳು ಟ್ಯೂಷನ್‌ನಿಂದ ಹತ್ತು ನಿಮಿಷ ತಡವಾದರೆ ಆಕ್ಸಿಡೆಂಟ್. ಹೊಟ್ಟೆ ನೋವು ಬಂದರೆ ಕ್ಯಾನ್ಸರ್. ಇದು ಹಗಲಿನ ಪಾಳಿ. ರಾತ್ರಿ ಪಾಳಿಯಲ್ಲಿ ಹಳೆಯದು. ಪ್ರಿನ್ಸಿಪಾಲರು ಒಂದು ಫೈಲ್ ನೋಡಿ "ಆಮೇಲೆ ನೋಡೋಣ ಬಿಡಿ" ಅಂದಿದ್ದರು. ಅಷ್ಟೇ. ಆ "ಬಿಡಿ"ಯನ್ನು ಯಾವ ಧಾಟಿಯಲ್ಲಿ ಅಂದರು ಅಂತ ಬೆಳಗಿನ ಜಾವ ಮೂರು ಗಂಟೆಯವರೆಗೆ ಯೋಚನೆ ಮಾಡಿದವಳು ನಾನು.

ಮೊದಲು ಹೋಗಿದ್ದು ನಮ್ಮ ಮನೆ ಡಾಕ್ಟರ ಹತ್ತಿರ, ಎದೆ ಡವಡವ ಅನ್ನುತ್ತೆ ಅಂತ. ಇಸಿಜಿ ಮಾಡಿಸಿದರು, ರಕ್ತ ಪರೀಕ್ಷೆ ಬರೆದರು. ಥೈರಾಯ್ಡ್ ಜಾಸ್ತಿ ಆದರೂ ಎದೆ ಹೊಡೆದುಕೊಳ್ಳೋದು, ಕೈ ನಡುಗೋದು ಇರುತ್ತೆ, ಅದನ್ನು ಮೊದಲು ನೋಡಿಬಿಡೋಣ ಅಂದರು. ಇದು ಒಳ್ಳೆಯ ಕ್ರಮ, ನೀವೂ ಇಲ್ಲಿಂದಲೇ ಶುರು ಮಾಡಿ. ಎಲ್ಲ ನಾರ್ಮಲ್ ಬಂತು. "ಏನೂ ಇಲ್ಲ, ಟೆನ್ಷನ್ ಮಾಡ್ಕೋಬೇಡಿ" ಅಂದರು. ಟೆನ್ಷನ್ ಮಾಡಿಕೊಳ್ಳದೆ ಇರೋದು ಹೇಗೆ ಅಂತ ಗೊತ್ತಿದ್ದರೆ ನಾನು ಅಲ್ಲಿಗೆ ಯಾಕೆ ಹೋಗುತ್ತಿದ್ದೆ?

ಒಂದು ರಾತ್ರಿ ತಡೆಯಲಾಗದೆ 14416ಕ್ಕೆ ಫೋನ್ ಮಾಡಿದೆ. ಇದು ಟೆಲಿ ಮಾನಸ್. ಕೇಂದ್ರ ಸರ್ಕಾರ 2022ರ ಅಕ್ಟೋಬರ್‌ನಲ್ಲಿ ಶುರು ಮಾಡಿದ ಸಹಾಯವಾಣಿ. ದಿನದ 24 ಗಂಟೆಯೂ ಇರುತ್ತೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಆ ಕಡೆಯ ಹುಡುಗಿ ಮಧ್ಯ ಬಾಯಿ ಹಾಕದೆ ಕೇಳಿಸಿಕೊಂಡಳು. ಆಮೇಲೆ, ಮನೋವೈದ್ಯರನ್ನು ಒಮ್ಮೆ ನೋಡಿ ಅಂತ ಹೇಳಿ ಸರ್ಕಾರಿ ಆಸ್ಪತ್ರೆಯ ದಾರಿ ತೋರಿಸಿದಳು. ತಾಲ್ಲೂಕಿನಲ್ಲಿ ಇರುವವರಿಗೆ ಇನ್ನೊಂದು ದಾರಿ ಇದೆ. ಮನೋಚೈತನ್ಯ ಅನ್ನುವ ಕಾರ್ಯಕ್ರಮದಲ್ಲಿ ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗೇ ಮನೋವೈದ್ಯರು ಬರುತ್ತಾರೆ. ನಿಮ್ಮೂರಿಗೆ ಯಾವ ಮಂಗಳವಾರ ಅಂತ ಮೊದಲೇ ಕೇಳಿಕೊಂಡು ಹೋಗಿ.

ಆಸ್ಪತ್ರೆಯಲ್ಲಿ ಚೀಟಿ ಮಾಡಿಸಿ "ಮನೋರೋಗ ವಿಭಾಗ" ಅನ್ನುವ ಬೋರ್ಡಿನ ಕೆಳಗೆ ಬೆಂಚಿನ ಮೇಲೆ ಕೂತೆ. ಬೆಳಿಗ್ಗೆ ಹೋದವಳಿಗೆ ಸರದಿ ಬಂದಿದ್ದು ಊಟದ ಹೊತ್ತಿಗೆ. ಕಾಯೋದು ದೊಡ್ಡ ವಿಷಯ ಆಗಿರಲಿಲ್ಲ. ನಮ್ಮವರ ಕಡೆಯ ನೆಂಟರೊಬ್ಬರು ಅಲ್ಲೇ ಹಾದು ಹೋದರು. "ಏನಮ್ಮಾ, ಇಲ್ಲಿ?" ಅಂದರು. "ತಲೆನೋವಿಗೆ" ಅಂದೆ. ಮುಂದಿನ ಒಂದು ಗಂಟೆ ಅವರು ಯಾರ್‍ಯಾರಿಗೆ ಹೇಳಬಹುದು ಅನ್ನೋದೇ ಯೋಚನೆ. ಕೈಯಲ್ಲಿದ್ದ ಚೀಟಿ ಬೆವರಿಗೆ ಒದ್ದೆಯಾಗಿ ಟೋಕನ್ ನಂಬರೇ ಅಳಿಸಿಹೋಗಿತ್ತು.

ಒಳಗೆ ಏಳು ಪ್ರಶ್ನೆಗಳ ಒಂದು ಹಾಳೆ ಕೊಟ್ಟರು, ಜಿಎಡಿ-7 ಅಂತ. ಹಿಂದಿನ ಎರಡು ವಾರದಲ್ಲಿ ಯಾವ ತೊಂದರೆ ಎಷ್ಟು ಕಾಡಿತು ಅಂತ ಪ್ರತಿಯೊಂದಕ್ಕೂ 0ಯಿಂದ 3ರವರೆಗೆ ಅಂಕ. ಒಟ್ಟು 21. 5 ಮುಟ್ಟಿದರೆ ಸ್ವಲ್ಪ, 10 ಮುಟ್ಟಿದರೆ ಮಧ್ಯಮ, 15 ಮುಟ್ಟಿದರೆ ತೀವ್ರ. ನನ್ನದು 16. ಆರು ತಿಂಗಳಿಗಿಂತ ಜಾಸ್ತಿ ಕಾಲ, ಹೆಚ್ಚು ಕಡಿಮೆ ದಿನಾ, ಹತ್ತಾರು ವಿಷಯಕ್ಕೆ ಹೀಗೆ ಚಿಂತೆ ಇದ್ದರೆ ಅದಕ್ಕೆ ಜನರಲೈಸ್ಡ್ ಆಂಕ್ಸೈಟಿ ಡಿಸಾರ್ಡರ್ ಅಂತಾರೆ ಅಂತ ವಿವರಿಸಿದರು. ಹೆಸರು ಕೇಳಿ ಹೆದರಿಕೆ ಆಗಬೇಕಿತ್ತು. ನನಗೆ ಸಮಾಧಾನ ಆಯಿತು. ಇಷ್ಟು ವರ್ಷ ಅದು ನನ್ನ ಸ್ವಭಾವ ಅಂತಲೇ ಎಲ್ಲರೂ ಹೇಳುತ್ತಿದ್ದರು.

ಚಿಂತೆ ಕಮ್ಮಿ ಮಾಡೋಕೆ ಎಸ್ಸಿಟಾಲೋಪ್ರಾಮ್ ಅನ್ನುವ ಮಾತ್ರೆ ಬರೆದರು. ಗುಣ ಕಾಣೋಕೆ ಕೆಲವು ವಾರ ಬೇಕು, ಶುರುವಿನಲ್ಲಿ ಹೊಟ್ಟೆ ತೊಳೆಸಬಹುದು, ನೀವಾಗಿ ನೀವೇ ನಿಲ್ಲಿಸಬೇಡಿ ಅಂತ ಹೇಳಿದರು. ಹೊಟ್ಟೆ ತೊಳೆಸಿದ್ದು ನಿಜ, ಆಮೇಲೆ ಸರಿಹೋಯಿತು. ಜೊತೆಗೆ ಥೆರಪಿಯೂ ತಗೊಳ್ಳಿ ಅಂದರು. ಕಷ್ಟ ಶುರುವಾಗಿದ್ದು ಅಲ್ಲಿಂದ.

ಥೆರಪಿಸ್ಟ್ ಹುಡುಕೋದು ಗಂಡು ಹುಡುಕಿದ ಹಾಗೆ. ಒಂದು ಕಡೆ ಮಾತಾಡೋಕೆ ಮುಂಚೆಯೇ ಇಡೀ ಪ್ಯಾಕೇಜಿನ ದುಡ್ಡು ಮುಂಗಡ ಕೇಳಿದರು. ಇನ್ನೊಂದು ಕಡೆ ಓದಿದ್ದು ಏನು ಅಂತ ಕೇಳಿದರೆ "ಅನುಭವ ಇದೆ" ಅನ್ನುವ ಉತ್ತರ. ಕ್ಲಿನಿಕಲ್ ಸೈಕಾಲಜಿಸ್ಟ್ ಅಂತ ಹೇಳಿಕೊಳ್ಳಬೇಕಾದರೆ ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ, ಅಂದರೆ ಆರ್‌ಸಿಐನಲ್ಲಿ, ನೋಂದಣಿ ಇರಬೇಕು. ನೋಂದಣಿ ಸಂಖ್ಯೆ ಕೇಳಿ. ಸರಿಯಾದವರು ಬೇಜಾರು ಮಾಡಿಕೊಳ್ಳದೆ ಕೊಡುತ್ತಾರೆ. ಕೊನೆಗೆ ಮನೋವೈದ್ಯರೇ ಬೆಂಗಳೂರಿನ ಒಬ್ಬರ ಹೆಸರು ಬರೆದುಕೊಟ್ಟರು. ಕನ್ನಡದಲ್ಲಿ ಮಾತಾಡುತ್ತಾರೆ ಅನ್ನೋದು ನನಗೆ ಮುಖ್ಯವಾಗಿತ್ತು. ಅವರ ಹತ್ತಿರ ಸಮಯ ಸಿಕ್ಕಿದ್ದು ಒಂದು ತಿಂಗಳ ಮೇಲೆ. ಮೊದಲ ಕೆಲವು ಸಲ ನೇರವಾಗಿ ಬರಬೇಕು, ಆಮೇಲೆ ವಿಡಿಯೊದಲ್ಲಿ ಆಗುತ್ತೆ ಅಂದರು.

ಮೊದಲ ದಿನಕ್ಕೆ ನಾನು ತಯಾರಾಗಿ ಹೋಗಿದ್ದೆ. ಮಗಳ ಹಳೆಯ ನೋಟ್‌ಬುಕ್ಕಿನಲ್ಲಿ ನನ್ನ ಚಿಂತೆಗಳನ್ನೆಲ್ಲ ನಂಬರ್ ಹಾಕಿ ಬರೆದಿದ್ದೆ. ಲೆಕ್ಕಪತ್ರದವಳಲ್ವಾ. ಅವರು ನೋಟ್‌ಬುಕ್ ತಗೊಂಡು ಎರಡು ಪುಟ ತಿರುವಿ ಪಕ್ಕಕ್ಕೆ ಇಟ್ಟರು. "ಏನು ಚಿಂತೆ ಅನ್ನೋದು ಆಮೇಲೆ ನೋಡೋಣ ಮೇಡಂ. ಚಿಂತೆ ಬಂದಾಗ ನೀವೇನು ಮಾಡ್ತೀರಿ, ಅದು ಹೇಳಿ" ಅಂದರು. ನನಗೆ ಕೋಪ ಬಂತು. ನಾಲ್ಕು ಗಂಟೆ ಬಸ್ಸಿನಲ್ಲಿ ಬಂದಿದ್ದು ನನ್ನ ಕಷ್ಟ ಹೇಳಿಕೊಳ್ಳೋಕೆ. ಆ ನೋಟ್‌ಬುಕ್ಕಿನ ವಿಷಯಗಳನ್ನು ಕೊನೆಯವರೆಗೂ ಅವರು ಒಂದೊಂದಾಗಿ ಚರ್ಚೆ ಮಾಡಲೇ ಇಲ್ಲ. ಈ ಚಿಕಿತ್ಸೆಗೆ ಹೋಗುವವರು ಇದನ್ನು ಮೊದಲೇ ತಿಳಿದಿದ್ದರೆ ನನ್ನಷ್ಟು ಬೇಜಾರಾಗೋಲ್ಲ.

ಅವರು ಕೇಳಿದ್ದು ಬೇರೆ ಥರದ ಪ್ರಶ್ನೆಗಳು. ದಿನಕ್ಕೆ ಎಷ್ಟು ಹೊತ್ತು ಚಿಂತೆ ಮಾಡ್ತೀರಿ? ಮಾಡದಿದ್ದರೆ ಏನಾಗುತ್ತೆ? "ನಾನು ಮಾಡದಿದ್ದರೆ ಮನೇಲಿ ಇನ್ಯಾರು ಮಾಡ್ತಾರೆ?" ಅಂದುಬಿಟ್ಟೆ. ಅವರು ಅದನ್ನು ಹಾಗೇ ಬರೆದುಕೊಂಡರು. ಎಂಸಿಕ್ಯೂ-30 ಅನ್ನುವ ಮೂವತ್ತು ವಾಕ್ಯಗಳ ಹಾಳೆಯೂ ಇತ್ತು. ಚಿಂತೆಯಿಂದ ನನಗೆ ಉಪಯೋಗ ಇದೆ, ಚಿಂತೆ ನನ್ನ ಹತೋಟಿಯಲ್ಲಿ ಇಲ್ಲ, ಇಂಥವು. ಹಾಳೆ ಇಂಗ್ಲಿಷಿನಲ್ಲಿತ್ತು, ಅವರೇ ಓದಿ ಕನ್ನಡದಲ್ಲಿ ಹೇಳಿದರು. ನಾನು ಎರಡಕ್ಕೂ ಜೋರಾಗಿ ಹೌದು ಅಂದಿದ್ದೆ. ಉಪಯೋಗವೂ ಇದೆ, ಹತೋಟಿಯಲ್ಲೂ ಇಲ್ಲ. ಎರಡನ್ನೂ ಒಟ್ಟಿಗೆ ನಂಬಿಕೊಂಡು ಇಷ್ಟು ವರ್ಷ ಕಳೆದಿದ್ದೆ.

ಚಿಂತೆಯ ವಿಷಯ ಬಿಟ್ಟು, ಚಿಂತೆಯ ಬಗ್ಗೆ ನಮಗಿರುವ ನಂಬಿಕೆಗಳನ್ನು ಹಿಡಿಯುವ ಈ ಪದ್ಧತಿಗೆ ಮೆಟಾಕಾಗ್ನಿಟಿವ್ ಥೆರಪಿ ಅಂತ ಹೆಸರು. ಇಂಗ್ಲೆಂಡಿನ ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದ ಏಡ್ರಿಯನ್ ವೆಲ್ಸ್ ಬೆಳೆಸಿದ್ದು. ಅದರಲ್ಲಿ ಸದ್ದು ಕೇಳಿಸಿ ಮಾಡಿಸುವ ಗಮನದ ತರಬೇತಿ, ಅಂದರೆ ಅಟೆನ್ಷನ್ ಟ್ರೇನಿಂಗ್ ಟೆಕ್ನಿಕ್, ಇನ್ನೂ ಹಳೆಯದು. 1990ರಲ್ಲೇ ಅವರು ಅದರ ಬಗ್ಗೆ ಬರೆದಿದ್ದರು. ಚಿಂತೆ ಮಾಡುವವರ ಗಮನ ಸದಾ ಒಳಗಡೆಗೇ ತಿರುಗಿ ಅಲ್ಲೇ ಅಂಟಿಕೊಂಡಿರುತ್ತೆ. ಎದೆ ಹೇಗೆ ಹೊಡೆಯುತ್ತಿದೆ, ಯಾವ ಯೋಚನೆ ಬಂತು, ಅಪಾಯ ಎಲ್ಲಿದೆ ಅಂತ ಕಾವಲು ಕಾಯುತ್ತಿರುತ್ತೆ. ಅದನ್ನು ಬೇಕಾದ ಕಡೆ ತಿರುಗಿಸುವ ಶಕ್ತಿ ನಮಗೆ ಇದ್ದೇ ಇದೆ, ಅಭ್ಯಾಸ ತಪ್ಪಿದೆ ಅಷ್ಟೇ ಅನ್ನೋದು ವೆಲ್ಸ್ ಅವರ ವಾದ. ಈ ಅಭ್ಯಾಸ ಮುಖ್ಯವಾಗಿ ಖಿನ್ನತೆಯ ಚಿಕಿತ್ಸೆಯಲ್ಲಿ ಬರುತ್ತೆ, ಬರೀ ಚಿಂತೆ ಇರುವವರಿಗೆ ಎಲ್ಲರೂ ಕೊಡೋಲ್ಲ, ನಿಮಗೆ ರಾತ್ರಿ ಕೊರಗು ಜಾಸ್ತಿ ಇರೋದರಿಂದ ಸೇರಿಸಿದ್ದೇನೆ ಅಂತಲೂ ನನ್ನ ಥೆರಪಿಸ್ಟ್ ಹೇಳಿದರು.

ಇದಕ್ಕೆ ಪುರಾವೆ ಇದೆಯಾ ಅಂತ ಕೇಳಿದೆ. ನಾರ್ವೆಯಲ್ಲಿ ನನ್ನಂಥ ಚಿಂತೆಯವರ ಮೇಲೆ ಈ ಥೆರಪಿಯನ್ನೂ ಸಾಮಾನ್ಯವಾಗಿ ಕೊಡುವ, ಯೋಚನೆ ಮತ್ತು ನಡವಳಿಕೆ ತಿದ್ದುವ ಸಿಬಿಟಿ ಅನ್ನುವ ಥೆರಪಿಯನ್ನೂ ಹೋಲಿಸಿದ ಅಧ್ಯಯನ 2018ರಲ್ಲಿ ಬಂದಿದೆ, ಇದರಲ್ಲಿ ಗುಣವಾದವರು ಜಾಸ್ತಿ ಅಂದರು. ಆದರೆ ಅದು ಇಡೀ ಥೆರಪಿಯ ಫಲ, ಸದ್ದಿನ ಅಭ್ಯಾಸ ಒಂದರದ್ದೇ ಅಲ್ಲ ಅಂತ ಅವರೇ ಸೇರಿಸಿದರು. ಹೀಗೆ ಬಿಡಿಸಿ ಹೇಳಿದ್ದಕ್ಕೇ ಅವರ ಮೇಲೆ ನಂಬಿಕೆ ಬಂತು.

ಈಗ ಆ ಅಭ್ಯಾಸದ ವಿಷಯ. ಎದುರಿನ ಗೋಡೆಯಲ್ಲಿ ಮೊಳೆ ಕಿತ್ತ ಒಂದು ತೂತು ಇತ್ತು. ಅದನ್ನೇ ನೋಡುತ್ತಾ ಇರಿ, ಕಣ್ಣು ಮುಚ್ಚಬೇಡಿ ಅಂದರು. ಮೊದಲು ಅವರ ದನಿ ಮಾತ್ರ ಕೇಳಬೇಕು. ಆಮೇಲೆ ಪೆನ್ನಿನಿಂದ ಮೇಜಿಗೆ ಟಕ್ ಟಕ್ ಅಂತ ಬಡಿದರು, ಅದು ಮಾತ್ರ. ಆಮೇಲೆ ಕಪಾಟಿನ ಮೇಲಿನ ಗಡಿಯಾರ. ಆಮೇಲೆ ಫ್ಯಾನು. ಮೂಲೆಯಲ್ಲಿ ಇಟ್ಟ ಫೋನಿನಿಂದ ಮಳೆ ಸದ್ದು. ಹೊರಗೆ ರಸ್ತೆಯ ಗಾಡಿಗಳು. ಇನ್ನೂ ದೂರದಲ್ಲಿ ಯಾವುದೋ ಕಟ್ಟಡದಲ್ಲಿ ಟೈಲ್ಸ್ ಕೊಯ್ಯುವ ಸದ್ದು. ಒಂದನ್ನು ಕೇಳುವಾಗ ಉಳಿದದ್ದು ಲೆಕ್ಕಕ್ಕಿಲ್ಲ. ಇದು ಸುಮಾರು ಐದು ನಿಮಿಷ. ಎರಡನೇ ಭಾಗ ಇನ್ನೊಂದು ಐದು ನಿಮಿಷ. "ಗಡಿಯಾರ... ರಸ್ತೆ... ಪೆನ್ನು... ಫ್ಯಾನು" ಅಂತ ಅವರು ಹೇಳಿದ ಕಡೆಗೆ ಗಮನ ಹಾರಬೇಕು, ಬರಬರುತ್ತಾ ಬೇಗ ಬೇಗ. ಕೊನೆಯ ಎರಡು ನಿಮಿಷ ಎಲ್ಲ ಸದ್ದನ್ನೂ ಒಟ್ಟಿಗೆ ಕೇಳಬೇಕು, ಒಂದೇ ಹೊತ್ತಿಗೆ ಎಷ್ಟು ಕೇಳಿಸುತ್ತೆ ಅಂತ ಎಣಿಸಬೇಕು. ಒಟ್ಟು ಹನ್ನೆರಡು ನಿಮಿಷದ ಕೆಲಸ.

ಎರಡನೇ ಭಾಗದಲ್ಲಿ ನನಗೆ ನಿಜಕ್ಕೂ ಸುಸ್ತಾಯಿತು. ಆರಾಮ ಅನ್ನಿಸುತ್ತೆ ಅಂದುಕೊಂಡು ಹೋದರೆ ಲೆಡ್ಜರ್ ಟ್ಯಾಲಿ ಮಾಡಿದಷ್ಟು ದಣಿವು. ಹಾಗೇ ಆಗಬೇಕು, ಇದು ಆರಾಮಕ್ಕಾಗಿ ಮಾಡುವ ಕೆಲಸ ಅಲ್ಲ ಅಂದರು. ಮಧ್ಯ ಮಧ್ಯ ಯೋಚನೆ ಬರುತ್ತಿತ್ತು. "ಬರಲಿ. ಓಡಿಸೋಕೆ ಹೋಗಬೇಡಿ. ಅದೂ ಒಂದು ಸದ್ದು ಅಂತ ಬಿಡಿ. ನಾನು ಹೇಳಿದ ಸದ್ದಿಗೆ ವಾಪಸ್ ಬನ್ನಿ" ಅಂದರು. ಶುರುವಿಗೆ ಮುಂಚೆ ಮತ್ತು ಮುಗಿದ ಮೇಲೆ ಗಮನ ಒಳಗಡೆ ಎಷ್ಟು, ಹೊರಗಡೆ ಎಷ್ಟು ಅಂತ -3ರಿಂದ +3ರವರೆಗೆ ಒಂದು ಅಂಕ ಹಾಕಿಸುತ್ತಿದ್ದರು. ಎದೆಯ ಡವಡವ ಕಮ್ಮಿ ಆಯ್ತಾ ಅಂತ ಯಾವತ್ತೂ ಕೇಳಲಿಲ್ಲ.

ಮನೆಯಲ್ಲಿ ದಿನಾ ಮಾಡಿ ಅಂತ ಅವರ ದನಿಯಲ್ಲಿ ಕನ್ನಡದಲ್ಲೇ ರೆಕಾರ್ಡ್ ಮಾಡಿ ಕಳಿಸಿದರು. ಜೊತೆಗೆ ಒಂದು ಷರತ್ತು: ಚಿಂತೆ ಬಂದಾಗ ಇದನ್ನು ಮಾಡಬಾರದು. ಇದು ನನ್ನ ತಲೆಗೇ ಹೋಗಲಿಲ್ಲ. ಚಿಂತೆ ಬಂದಾಗ ಬೇಡ ಅಂದರೆ ಇದು ಇರೋದು ಯಾಕೆ? ಕೆರೆಗೆ ಬಿದ್ದ ಮೇಲೆ ಈಜು ಕಲಿಯೋಕೆ ಆಗಲ್ಲ, ದಡದ ಹತ್ತಿರ ದಿನಾ ಕಲಿಯಬೇಕು ಅಂದರು. ಚಿಂತೆ ಬಂದಾಗಲೆಲ್ಲ ಸದ್ದಿನ ಹಿಂದೆ ಓಡಿದರೆ ಅದು ಚಿಂತೆಯಿಂದ ತಪ್ಪಿಸಿಕೊಳ್ಳುವ ಇನ್ನೊಂದು ಉಪಾಯ ಆಗುತ್ತೆ. ಆಗ ಚಿಂತೆ ಅಂದರೆ ಅಪಾಯ ಅನ್ನುವ ನಂಬಿಕೆ ಇನ್ನೂ ಗಟ್ಟಿಯಾಗುತ್ತೆ.

ನಮ್ಮ ಮನೆಯಲ್ಲಿ ಹನ್ನೆರಡು ನಿಮಿಷ ಒಬ್ಬಳೇ ಕೂರೋದು ಅಂದರೆ ಅದೇ ಒಂದು ಸಾಹಸ. ಮಗಳು ಶಾಲೆಗೆ ಹೋದ ಮೇಲೆ, ನಾನು ಕಾಲೇಜಿಗೆ ಹೊರಡುವ ಮುಂಚೆ ಹಿಂದಿನ ಕೋಣೆಯಲ್ಲಿ ಕೂರುತ್ತಿದ್ದೆ. ಅತ್ತೆ ಬಾಗಿಲು ತೆಗೆದು "ಏನೇ ಗೋಡೆ ನೋಡ್ತಾ ಕೂತಿದೀಯ?" ಅಂದರು. ವ್ಯಾಯಾಮ ಅಂದೆ. "ಗೋಡೆ ನೋಡೋ ವ್ಯಾಯಾಮನಾ! ಅದರ ಬದಲು ಒಂದು ಲಲಿತಾ ಸಹಸ್ರನಾಮ ಹೇಳ್ಕೋಬಾರ್ದಾ" ಅಂತ ಹೋದರು. ಸಹಸ್ರನಾಮ ನನಗೂ ಇಷ್ಟ, ಅದು ಬೇರೆ ಮಾತು. ಸದ್ದಿಗಂತೂ ಕೊರತೆ ಇರಲಿಲ್ಲ. ಕುಕ್ಕರ್ ಕೂಗು, ಅತ್ತೆಯ ಪೂಜೆ ಗಂಟೆ, ಪಕ್ಕದ ಮನೆಯ ಟಿವಿ, ನಲ್ಲಿಯ ತೊಟ್ಟು, ಹೂವಿನವಳ ಕೂಗು, ಮೇಲೆ ಫ್ಯಾನು. ಕುಕ್ಕರ್ ಮಾತ್ರ ತೊಂದರೆ. ಎಷ್ಟು ಕೂಗಾಯಿತು ಅಂತ ಕೈ ತಾನಾಗಿ ಎಣಿಸಿಬಿಡುತ್ತೆ. ಒಲೆ ಆರಿಸಿ ಕೂರಿ.

ಮೊದಲ ಎರಡು ವಾರ ಏನೂ ಅನ್ನಿಸಲಿಲ್ಲ. ಬೋರು. ದುಡ್ಡು ಕೊಟ್ಟು ಫ್ಯಾನ್ ಸದ್ದು ಕೇಳ್ತಿದೀನಲ್ಲ ಅಂತ ನಗು ಬೇರೆ. ಆಮೇಲೆ ಒಂದು ದಿನ ಆಫೀಸಿನಲ್ಲಿ, ಪ್ರಿನ್ಸಿಪಾಲರು ಮತ್ತೇನೋ ಮೊಟಕಾಗಿ ಅಂದು ಹೋದರು. ಮಾಮೂಲಿನಂತೆ ತಲೆ ಆ ಮಾತಿಗೆ ಜೋತುಬಿತ್ತು. ನಾನು ಮಾಡುತ್ತಿದ್ದ ಫೀಸ್ ರಸೀದಿಗೆ ವಾಪಸ್ ಬಂದೆ. ಸಾಯಂಕಾಲ ಬಸ್ಸಿನಲ್ಲಿ ನೆನಪಾಯಿತು: ಅರೆ, ಆ ಮಾತನ್ನು ನಾನು ಪೂರ್ತಿ ಅರೆಯಲೇ ಇಲ್ಲವಲ್ಲ!

ಚಿಂತೆ ಬಂದಾಗ ಮಾಡೋಕೆ ಬೇರೆ ಎರಡು ವಿಷಯ ಕಲಿಸಿದರು. ಒಂದು, ಯೋಚನೆಯನ್ನು ಮುಟ್ಟದೆ ನೋಡೋದು. ಅದಕ್ಕೆ ಒಂದು ಹುಲಿಯನ್ನು ಕಲ್ಪಿಸಿಕೊಳ್ಳಿ ಅಂದರು. ಅದು ಏನು ಮಾಡುತ್ತೋ ಮಾಡಲಿ, ನೀವು ಆಡಿಸಬೇಡಿ. ನನ್ನ ಹುಲಿ ನಾಗರಹೊಳೆಯ ದಾರಿಯಲ್ಲಿ ಅಡ್ಡ ಕೂತು ಮುಂಗಾಲು ನೆಕ್ಕಿಕೊಂಡಿತು, ಆಮೇಲೆ ಎದ್ದು ಪೊದೆಗೆ ಹೋಯಿತು. ನಾನು ಹೋಗು ಅಂದಿರಲಿಲ್ಲ. ಎರಡನೆಯದು ಚಿಂತೆಯನ್ನು ಮುಂದಕ್ಕೆ ಹಾಕೋದು. ಸಂಜೆ ಏಳರಿಂದ ಏಳೂಕಾಲು ಚಿಂತೆಯ ಸಮಯ. ಹಗಲು ಬಂದದ್ದಕ್ಕೆ "ಏಳಕ್ಕೆ ನೋಡ್ತೀನಿ" ಅಂತ ಹೇಳಿ ಬಿಡಬೇಕು. ಆ ಹೊತ್ತಿಗೆ ಕೂರಲೇಬೇಕು ಅಂತಲೂ ಇಲ್ಲ. ಎಷ್ಟೋ ಸಂಜೆ ಆ ಹೊತ್ತಿಗೆ ಚಿಂತೆಯೇ ಉಳಿದಿರುತ್ತಿರಲಿಲ್ಲ, ಅಥವಾ ಚಪಾತಿ ಲಟ್ಟಿಸುತ್ತಾ ಮರೆತೇ ಹೋಗುತ್ತಿತ್ತು. ಒಂದು ಸಲ ಅವರೇ, ಇವತ್ತು ಆ ಸಮಯದಲ್ಲಿ ಎಷ್ಟು ಆಗುತ್ತೋ ಅಷ್ಟು ಜೋರಾಗಿ ಚಿಂತೆ ಮಾಡಿ, ಹತೋಟಿ ತಪ್ಪುತ್ತಾ ನೋಡೋಣ ಅಂದರು. ನಾನು ಹುಚ್ಚು ಹಿಡಿಯುತ್ತೆ ಅಂತ ಹೆದರಿ ಕೂತೆ. ಐದು ನಿಮಿಷಕ್ಕೆ ವಿಷಯ ಖಾಲಿ!

ಜುಲೈ ಮಳೆಯಲ್ಲಿ ನಿಜವಾದ ಪರೀಕ್ಷೆ ಬಂತು. ನಮ್ಮವರು ಮಂಗಳೂರಿನಿಂದ ಹೊರಟಿದ್ದರು. ಘಾಟಿಯಲ್ಲಿ ಮಣ್ಣು ಕುಸಿದಿದೆ ಅಂತ ಟಿವಿಯಲ್ಲಿ ಬಂತು. ಇವರ ಫೋನ್ ಸ್ವಿಚ್ ಆಫ್. ಹಿಂದೆ ಆಗಿದ್ದರೆ ಸಕಲೇಶಪುರದಿಂದ ಉಪ್ಪಿನಂಗಡಿವರೆಗೆ ಗೊತ್ತಿದ್ದವರಿಗೆಲ್ಲ ಫೋನ್ ಮಾಡಿ, ಮಗಳನ್ನೂ ಹೆದರಿಸಿ ಕೂರಿಸುತ್ತಿದ್ದೆ. ಆವತ್ತು ಇವರ ಪಾರ್ಟ್ನರ್‌ಗೆ ಒಂದು ಫೋನ್ ಮಾಡಿದೆ. ಗಾಡಿಗಳನ್ನು ಚಾರ್ಮಾಡಿ ಕಡೆ ತಿರುಗಿಸುತ್ತಿದ್ದಾರೆ ಅಂದರು. ಅಷ್ಟು ಸಾಕು, ಇನ್ನು ಮಾಡೋಕೆ ಏನೂ ಇಲ್ಲ ಅಂತ ಅಕ್ಕಿ ತೊಳೆದು ಇಟ್ಟೆ. ಎದೆ ಹೊಡೆದುಕೊಳ್ಳುತ್ತಲೇ ಇತ್ತು. "ಆಗಿದ್ದರೆ?" ಅನ್ನುವ ಯೋಚನೆ ಬರುತ್ತಲೂ ಇತ್ತು. ನಾನು ಅದರ ಹಿಂದೆ ಹೋಗಲಿಲ್ಲ. ರಾತ್ರಿ ಹತ್ತೂವರೆಗೆ ಬಂದರು. ಫೋನಿನ ಚಾರ್ಜು ಮುಗಿದಿತ್ತಂತೆ. ಒಂದು ಪವರ್ ಬ್ಯಾಂಕ್ ಇಟ್ಟುಕೊಳ್ಳೋಕೆ ಏನು ಕಷ್ಟ ಅಂತ ಚೆನ್ನಾಗಿ ಬೈದೆ. ಅದಕ್ಕೂ ಥೆರಪಿಗೂ ಸಂಬಂಧ ಇಲ್ಲ.

ಖರ್ಚಿನ ಲೆಕ್ಕ. ನೇರ ಸೆಷನ್ನಿಗೆ 1,500 ರೂಪಾಯಿ, ವಿಡಿಯೊದಲ್ಲಿ 1,200. ಪ್ರಯಾಣ, ಮಾತ್ರೆ, ಪರೀಕ್ಷೆ ಎಲ್ಲ ಸೇರಿ 25,000ದ ಹತ್ತಿರ ಬಂತು. ಇನ್ಶೂರೆನ್ಸಿಗೆ ಬಿಲ್ ಕಳಿಸಿದೆ, ವಾಪಸ್ ಬಂತು. 2017ರ ಮಾನಸಿಕ ಆರೋಗ್ಯ ಕಾಯ್ದೆ ಪ್ರಕಾರ ದೇಹದ ಕಾಯಿಲೆಗೆ ಹೇಗೋ ಮನಸ್ಸಿನ ಕಾಯಿಲೆಗೂ ಹಾಗೇ ವಿಮೆ ಕೊಡಬೇಕು. ಆದರೆ ನನ್ನ ಪಾಲಿಸಿ ಅಡ್ಮಿಟ್ ಆಗದೆ ಯಾವ ಕಾಯಿಲೆಗೂ ಕೊಡೋಲ್ಲ. ನಿಮ್ಮ ಪಾಲಿಸಿಯಲ್ಲಿ ಹೊರರೋಗಿ ಖರ್ಚು ಸೇರಿದೆಯಾ ಅಂತ ಮೊದಲೇ ಮೇಲ್ ಮಾಡಿ ಬರಹದಲ್ಲಿ ಉತ್ತರ ತರಿಸಿಕೊಳ್ಳಿ. ದುಡ್ಡು ಹೊಂದಿಸೋಕೆ ಆಗದವರು ಸರ್ಕಾರಿ ಆಸ್ಪತ್ರೆಯಲ್ಲೇ ಸೈಕಾಲಜಿಸ್ಟ್ ಇದ್ದಾರಾ ಕೇಳಿ. ಕಾಯಬೇಕಾಗುತ್ತೆ, ಆದರೆ ಖರ್ಚು ತೀರಾ ಕಮ್ಮಿ. ರಜೆಗೆ ಕಾಲೇಜಿನವರು ಸರ್ಟಿಫಿಕೇಟ್ ಕೇಳಿದರು. ಕಾಯಿಲೆ ಹೆಸರು ಬರೆಯದೆ "ಚಿಕಿತ್ಸೆಯಲ್ಲಿದ್ದಾರೆ" ಅಂತ ಮಾತ್ರ ಬರೆದುಕೊಡಿ ಅಂತ ಡಾಕ್ಟರನ್ನು ಕೇಳಿದೆ, ಕೊಟ್ಟರು. ನಿಮ್ಮ ವಿವರ ಗುಟ್ಟಾಗಿ ಇರಬೇಕು ಅನ್ನೋದು ಅದೇ ಕಾಯ್ದೆ ಕೊಟ್ಟ ಹಕ್ಕು.

ರೆಕಾರ್ಡಿಂಗ್ ಕಳಿಸಿ ಅಂತ ಇಬ್ಬರು ಗೆಳತಿಯರು ಕೇಳಿದ್ದಾರೆ. ನನಗಾಗಿ ಮಾಡಿದ್ದು, ಹಂಚಬೇಡಿ ಅಂತ ಥೆರಪಿಸ್ಟ್ ಹೇಳಿದ್ದಾರೆ. ಅದೂ ಅಲ್ಲದೆ ಒಂದೇ ರೆಕಾರ್ಡಿಂಗ್ ಕೇಳಿ ಕೇಳಿ ಬಾಯಿಪಾಠ ಆದರೆ ಗಮನಕ್ಕೆ ಕೆಲಸವೇ ಇರೋಲ್ಲ. ನಡುನಡುವೆ ಸದ್ದು ಬದಲಾಯಿಸಬೇಕು. ಐದಾರು ಸದ್ದಾದರೂ ಇರಲಿ, ಬೇರೆ ಬೇರೆ ದಿಕ್ಕಿನಿಂದ, ಒಂದೆರಡು ಕೋಣೆಯ ಹೊರಗಿನಿಂದ. ಗಾಡಿ ಓಡಿಸುವಾಗ ಮಾಡಲೇಬಾರದು. ಕಿವಿಯಲ್ಲಿ ಗುಂಯ್ ಅನ್ನುವ ತೊಂದರೆ ಇರುವವರು ಮೊದಲು ಥೆರಪಿಸ್ಟಿಗೆ ಹೇಳಿ. ಬದುಕೇ ಬೇಡ ಅನ್ನಿಸುವ ಮಟ್ಟಕ್ಕೆ ಹೋಗಿದ್ದರೆ ಇದನ್ನೆಲ್ಲ ಓದುತ್ತಾ ಕೂರದೆ ಈಗಲೇ 14416ಕ್ಕೆ ಫೋನ್ ಮಾಡಿ.

ಕೊನೆಯ ಸೆಷನ್ನಿನಲ್ಲಿ ಅದೇ ಏಳು ಪ್ರಶ್ನೆಯ ಹಾಳೆ ಮತ್ತೆ ಕೊಟ್ಟರು. 5 ಬಂತು. ಹಳೆಯ ಚಾಳಿ ಒಂದು ಕಡೆ, ಅದರ ಬದಲು ಮಾಡಬೇಕಾದ್ದು ಇನ್ನೊಂದು ಕಡೆ ಅಂತ ಒಂದು ಪಟ್ಟಿ ಬರೆಸಿದರು. ಅದು ಬೀರುವಿನ ಬಾಗಿಲ ಒಳಗಡೆ ಅಂಟಿದೆ. ಮಾತ್ರೆ ಇನ್ನೂ ನಡೆಯುತ್ತಿದೆ. ಡೋಸ್ ಇಳಿಸುವ ಮಾತು ದಸರಾ ಆದ ಮೇಲೆ ಅಂತ ಮನೋವೈದ್ಯರು ಹೇಳಿದ್ದಾರೆ. ಇಳಿಸೋದಾದರೂ ನಿಧಾನವಾಗಿ ಇಳಿಸಬೇಕಂತೆ. ಅದು ಹೇಗಾಯಿತು ಅಂತ ಆಗ ಬರೆಯುತ್ತೇನೆ.